ರೊಮೆರೊ ಸೊಪ್ಪಿನ ನೀರು

ನಮ್ಮ ಬೆಟ್ಟದೂರು ಕಲಾಪಂಪಾದಲ್ಲಿ ಮಗು ಹುಟ್ಟುವಾಗ ನನ್ನನ್ನು ಕರೆಯುತ್ತಾರೆ, ಯಾರಾದರೂ ಸತ್ತರೆ ಉಪದೇಶಿ ತೆಲೆಸ್ಫೋರೊನನ್ನು ಕರೆಯುತ್ತಾರೆ. ಎರಡೂ ಒಂದೇ ಗಂಟೆಯಲ್ಲಿ ಆಗುವುದಾದರೆ ನಾನೊಬ್ಬಳೇ ಸಾಕು. ಪಾದ್ರಿಗಳು ವರ್ಷಕ್ಕೆ ಎರಡೇ ಸಲ ಬರುವುದು, ಫೆಬ್ರವರಿಯಲ್ಲಿ ಕಂದೆಲಾರಿಯಾ ಹಬ್ಬಕ್ಕೊಮ್ಮೆ, ಜೂನ್‌ನಲ್ಲಿ ಸಂತ ಹುವಾನನ ಹಬ್ಬಕ್ಕೊಮ್ಮೆ. ಅದೂ ದಾರಿಯಲ್ಲಿ ಟ್ರಕ್ಕು ಕೆಡದಿದ್ದರೆ. ಅಲ್ಲಿಯವರೆಗೆ ಕಾಯುವಷ್ಟು ಉಸಿರು ಎಲ್ಲ ಮಕ್ಕಳಿಗೂ ಇರುವುದಿಲ್ಲ. ಅದಕ್ಕೇ ಮೂವತ್ತನಾಲ್ಕು ವರ್ಷದ ಹಿಂದೆ ಆಗಿನ ಪಾದ್ರಿಗಳು ನನ್ನನ್ನು ಕೂರಿಸಿಕೊಂಡು ಕಲಿಸಿಕೊಟ್ಟರು. ಮಗು ಉಳಿಯುವ ಹಾಗಿಲ್ಲ ಅನ್ನಿಸಿದರೆ ಹೆಸರಿಟ್ಟು, ತಲೆಯ ಮೇಲೆ ಮೂರು ಸಲ ನೀರು ಹಾಕಿ, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಬೇಕು. ಅಷ್ಟಾದರೆ ಜ್ಞಾನಸ್ನಾನವಾದ ಹಾಗೆ. ಆ ಮಗು ದೇವದೂತ. ಅದಕ್ಕೆ ಕಾಗದದ ರೆಕ್ಕೆ ಅಂಟಿಸಿ, ಗುಡಿಯ ಪೂರ್ವದ ಗೋಡೆಯ ಬುಡದಲ್ಲಿ ಮಲಗಿಸುತ್ತೇವೆ. ಅಮ್ಮಂದಿರು ಭಾನುವಾರ ಅಲ್ಲಿಗೆ ಹೋಗಿ ಕೂತು ಬರುತ್ತಾರೆ.

ನೀರು ಬೀಳದೆ ಹೋದ ಮಗುವಿಗೆ ಎಲ್ಲಿಯೂ ಜಾಗವಿಲ್ಲ. ಮೇಲೆ ಅದಕ್ಕೆ ಬಾಗಿಲು ತೆರೆಯುವುದಿಲ್ಲ. ಅದು ಹೊರಗೆ ಚಳಿಯಲ್ಲಿ ನಿಂತು ಅಳುತ್ತದೆ, ಆ ಅಳುವಿಗೆ ನಮ್ಮ ಹೊಲದ ಮೇಲೆ ಆಲಿಕಲ್ಲು ಬೀಳುತ್ತದೆ. ಅಂಥ ಮಗುವನ್ನು ಅಗೆದು ತೆಗೆದು, ಊರಿನ ಗಡಿ ದಾಟಿಸಿ, ಗುಡ್ಡದ ನೆತ್ತಿಯಲ್ಲಿ ಹೂಳುವವರೆಗೆ ಅದು ನಿಲ್ಲುವುದಿಲ್ಲ. ಇದನ್ನು ನಮಗೆ ಯಾವ ಪಾದ್ರಿಯೂ ಕಲಿಸಲಿಲ್ಲ, ಯಾರೂ ಕಲಿಸಬೇಕಾಗಿಯೂ ಇರಲಿಲ್ಲ.

ಸಬೀನಾ ನಮ್ಮೂರಿನ ಹುಡುಗಿಯಲ್ಲ. ಮೂರು ವರ್ಷದ ಹಿಂದೆ ಇಲಾರಿಯೋನನ ಕೈಹಿಡಿದು ಕೆಳಗಿನ ಕಣಿವೆಯಿಂದ ಬಂದವಳು. ಇಲಾರಿಯೋನ್ ಒಳ್ಳೆಯವನು, ಅಂದರೆ ಯಾರು ಏನು ಹೇಳಿದರೂ ಹೂಂ ಅನ್ನುವವನು. ಕಣಿವೆಯ ಹೆಂಗಸರು ನಗುತ್ತಾ ಮಾತಾಡುತ್ತಾರೆ, ನಮ್ಮವರಿಗೆ ಅದು ಸೊಕ್ಕಿನ ಹಾಗೆ ಕಾಣುತ್ತದೆ. ಕಳೆದ ಜೂನ್‌ನಲ್ಲಿ ಹಬ್ಬ ಮುಗಿಸಿ ಪಾದ್ರಿಗಳು ಹೋಗಿ ನಾಲ್ಕು ದಿನಕ್ಕೆ ಅವಳಿಗೆ ನೋವು ಶುರುವಾಯಿತು, ಎರಡು ತಿಂಗಳು ಮುಂಚೆಯೇ. ಬೆಳಗ್ಗೆ ಬಿಸಿಲು ಬಾಗಿಲಿಗೆ ಬರುವ ಹೊತ್ತಿಗೆ ಗಂಡುಮಗು ಹುಟ್ಟಿತು. ತುಟಿ ನೀಲಿ. ಒಂದೇ ಒಂದು ಸಲ ಅತ್ತಿತು.

"ಉಳಿಯತ್ತಾ ಅಜ್ಜಿ?" ಅಂದಳು ಸಬೀನಾ.

"ಏನ್ ಹೆಸ್ರು ಇಡ್ತೀಯ, ಹೇಳು."

ಅಷ್ಟರಲ್ಲೇ ಅವಳಿಗೆ ತಿಳಿಯಿತು. "ಹುವಾನ್," ಅಂದಳು.

ಮಡಕೆಯ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಬಾಣಂತಿಯ ಮೈ ತೊಳೆಯುವುದಕ್ಕೆಂದು ರೊಮೆರೊ ಸೊಪ್ಪು ಹಾಕಿ ಕಾಯಿಸಿದ ನೀರು ಒಲೆಯ ಮೇಲಿತ್ತು. ನಾನು ಒಲೆಯ ಪಾತ್ರೆಯಿಂದಲೇ ಬೊಗಸೆ ತುಂಬಿಕೊಂಡೆ. ಯಾವಾಗಲೂ ನಾನು ಹಾಗೇ ಮಾಡುವುದು. ನನ್ನ ಮೊದಲ ಮಗಳು ದಾಮಿಯಾನಾಗೆ ಆಗಿನ ಸೂಲಗಿತ್ತಿ ಮಂಜುಗಡ್ಡೆ ಒಡೆದು ಅಡಿಯ ನೀರು ಹಾಕಿದ್ದಳು. ಅಷ್ಟು ಹೊತ್ತು ಸುಮ್ಮನೆ ಮಲಗಿದ್ದ ಕೂಸು ಬೆಚ್ಚಿಬಿದ್ದು, ಮೈ ಸೆಟೆದು, ಕಿರುಚುತ್ತಲೇ ಹೋಯಿತು. ಈ ಲೋಕದಲ್ಲಿ ಅವಳು ಕಂಡದ್ದು ಅದೊಂದೇ. ನನ್ನ ಕೈಯಿಂದ ಯಾವ ಮಗುವಿಗೂ ಹಾಗೆ ಮಾಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಹುವಾನ್ ಬೆಚ್ಚಲಿಲ್ಲ. ಆಲೂಗಡ್ಡೆ ಬೇಯುವಷ್ಟು ಹೊತ್ತು ಅಮ್ಮನ ಎದೆಯ ಮೇಲೆ ಮಲಗಿದ್ದು, ನಿದ್ದೆಯಲ್ಲೇ ಹೋದ. ಅವನಿಗೂ ರೆಕ್ಕೆ ಅಂಟಿಸಿದೆವು, ಗುಡಿಯ ಗೋಡೆಯ ಬುಡದಲ್ಲಿ ಮಲಗಿಸಿದೆವು.

ಜನವರಿಯಲ್ಲಿ ಆಲೂಗಡ್ಡೆ ಹೊಲವೆಲ್ಲ ಹೂಬಿಟ್ಟು ನಿಂತಿದ್ದಾಗ, ಒಂದು ಮಧ್ಯಾಹ್ನ ಆಲಿಕಲ್ಲು ಬಿತ್ತು. ಅರ್ಧ ಗಂಟೆಯೂ ಇಲ್ಲ, ಹೊಲವೆಲ್ಲ ಬಿಳಿ. ಕರಗಿದ ಮೇಲೆ ನೋಡಿದರೆ ಗಿಡವೇ ಇಲ್ಲ, ಬರೀ ಕಡ್ಡಿ. ಅಳಿದುಳಿದ ಕೆಳಗಿನ ಹೊಲಗಳ ಮೇಲೆ ವಾರದ ಮೇಲೆ ಮತ್ತೆ ಬಿತ್ತು. ಎರಡನೆಯ ಸಲ ಬಿದ್ದಾಗ ಯಾರೂ ಹೊಲ ನೋಡಲು ಹೋಗಲಿಲ್ಲ. ನೆಟ್ಟಗೆ ಗುಡಿಯ ಅಂಗಳಕ್ಕೆ ಬಂದು ಸೇರಿದರು.

ಊರ ಯಜಮಾನ ನಿಕಾನೋರ್ ಕೋಲು ಊರಿಕೊಂಡು ನಿಂತಿದ್ದ. ಕೆಟ್ಟ ಮನುಷ್ಯನಲ್ಲ. ಮನೆಯಲ್ಲಿ ಏಳು ಜನ, ಒಂದು ಗಡ್ಡೆಯೂ ಉಳಿದಿರಲಿಲ್ಲ.

"ಯಾರೋ ಮಗು ಮುಚ್ಚಿಟ್ಟಿದೀರ. ಈಗ್ಲೇ ಹೇಳ್ಬಿಟ್ರೆ ಯಾರೂ ಬಯ್ಯಲ್ಲ. ಬಾಸಿಲಿಯಜ್ಜಿ, ನೋಡು," ಅಂದ.

ನೋಡುವುದೆಂದರೆ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಕರೆದು, ಎದೆ ಹಿಂಡಿ, ಹಾಲು ಬರುತ್ತದೆಯೇ ಎಂದು ಪರೀಕ್ಷಿಸುವುದು. ಹದಿನಾಲ್ಕರ ಹುಡುಗಿಯರಿಂದ ಹಿಡಿದು ವಿಧವೆಯರ ತನಕ. ನನಗೆ ಆ ಕೆಲಸ ಎಂದೂ ಇಷ್ಟವಾದದ್ದಲ್ಲ. ಕೂಸಿಗೆ ಕುಡಿಸುತ್ತಿದ್ದವರನ್ನು ಬಿಟ್ಟರೆ ಯಾರಲ್ಲೂ ಹಾಲಿರಲಿಲ್ಲ. ಗ್ರೆಗೋರಿಯಾ ಎಂಬಾಕೆ ರವಿಕೆ ಕಟ್ಟಿಕೊಳ್ಳುತ್ತಾ, "ಹಸು ಹಿಂಡೋ ಹಾಗೆ ಹಿಂಡ್ತೀಯಲ್ಲಜ್ಜಿ, ನನ್ನ ಗಂಡನಾದ್ರೂ ಒಂದ್ ಮಾತಾಡಿ ಕೈ ಹಾಕ್ತಾನೆ," ಅಂದಳು. ಅವಳು ಬಾಯಿಬಡುಕಿ, ಆದರೆ ಮನಸ್ಸು ಹಗುರ. ಎರಡು ಮಕ್ಕಳನ್ನು ಕಳೆದುಕೊಂಡವಳು. ಎರಡೂ ಗುಡಿಯ ಗೋಡೆಯ ಬುಡದಲ್ಲಿವೆ.

ಹೊರಗೆ ಬಂದು ಯಾರಲ್ಲೂ ಏನೂ ಇಲ್ಲ ಎಂದೆ. ಆಗ ತೆಲೆಸ್ಫೋರೊ ಬಗಲಿನ ಚೀಲದಿಂದ ಪುಸ್ತಕ ತೆಗೆದ. ನಗರದಲ್ಲಿ ಉಪದೇಶಿಗಳಿಗೆ ಮೂರು ವಾರ ಪಾಠ ನಡೆಸಿ ಕೊಟ್ಟು ಕಳಿಸಿದ್ದ ಪುಸ್ತಕ. ಅವನಿಗೆ ಇಪ್ಪತ್ತೆಂಟು, ಓದಿದ್ದನ್ನು ಓದಿದ ಹಾಗೇ ನಂಬುವ ವಯಸ್ಸು.

"ಮುಚ್ಚಿಟ್ಟ ಮಗು ಇಲ್ಲ ಅಂದ್ರೆ, ನೀರು ಬಿದ್ದಿರೋದ್ರಲ್ಲೇ ಏನಾದ್ರೂ ತಪ್ಪಾಗಿರ್ಬೇಕು. ಕೊನೇಲಿ ಹೋಗಿದ್ದು ಸಬೀನಾ ಮಗು. ಅಜ್ಜಿ, ನಾನು ಮೂರು ಪ್ರಶ್ನೆ ಕೇಳ್ಬೇಕು."

"ನಿನ್ನ ಹೊಕ್ಕುಳಬಳ್ಳಿ ಕತ್ತರಿಸಿದೋಳು ನಾನು. ನನಗೇ ಪ್ರಶ್ನೆ ಕೇಳ್ತೀಯೇನೋ?"

ಜನ ನಕ್ಕರು. ಅವನೂ ನಕ್ಕ, ಆದರೆ ಪುಸ್ತಕ ಮುಚ್ಚಲಿಲ್ಲ. ಮಗುವಿಗೆ ಉಸಿರಿತ್ತೇ ಎಂದು ಕೇಳಿದ. ಇತ್ತು ಎಂದೆ. ನೀರು ಹಾಕುವಾಗ ಏನು ಹೇಳಿದೆ ಅಂದ. ತಡವರಿಸದೆ ಹೇಳಿದೆ. ಯಾವ ನೀರು ಎಂದು ಕೇಳಿದ.

"ಯಾವ ನೀರು ಅಂದ್ರೆ? ಒಲೆ ಮೇಲಿತ್ತಲ್ಲ, ರೊಮೆರೊ ಸೊಪ್ಪು ಕುದಿಸಿದ್ದು. ಹದವಾಗಿ ಬೆಚ್ಚಗಿತ್ತು." ನಾನು ಹೆಮ್ಮೆಯಿಂದಲೇ ಹೇಳಿದೆ. ನನ್ನ ಮೂರ್ಖತನಕ್ಕೆ ಏನು ಹೇಳಲಿ. ಮೂವತ್ತನಾಲ್ಕು ವರ್ಷ ಯಾರೂ ಕೇಳಿರಲಿಲ್ಲ, ಈಗ ಯಾರೋ ಕೇಳಿದರಲ್ಲ ಎಂದು ಸಂತೋಷವೇ ಆಗಿತ್ತು.

ತೆಲೆಸ್ಫೋರೊ ಹಾಳೆ ತಿರುಗಿಸಿದ. ಬೆರಳಿಟ್ಟು ಓದಿದ. ಬಾವಿ, ಹೊಳೆ, ಮಳೆ, ಸಮುದ್ರದ ನೀರು ನಡೆಯುತ್ತದೆ. ಹಿಮ ಕರಗಿಸಿದ ನೀರೂ ನಡೆಯುತ್ತದೆ. ಹಾಲು, ಮದ್ಯ, ಸಾರು, ಸೊಪ್ಪಿನ ಕಷಾಯ ನಡೆಯುವುದಿಲ್ಲ. ಅಂಥದ್ದರಿಂದ ಕೊಟ್ಟ ಜ್ಞಾನಸ್ನಾನ ಕೊಟ್ಟಂತೆಯೇ ಅಲ್ಲ. ಓದಿ ತಲೆ ಎತ್ತಿದಾಗ ಅವನ ಮುಖ ಅಳುವಂತಾಗಿತ್ತು. ಅವನಿಗೂ ಇದು ಬೇಕಾಗಿರಲಿಲ್ಲ.

ಎಲ್ಲರೂ ಸಬೀನಾಳ ಕಡೆ ತಿರುಗಿದರು. ನಾನು ಮಾತ್ರ ಗುಡಿಯ ಪೂರ್ವದ ಗೋಡೆಯನ್ನು ನೋಡುತ್ತಿದ್ದೆ. ನಾನು ನೀರು ಹಾಕಿ ಬದುಕಿದ ಮಕ್ಕಳಿಗೆ ಪಾದ್ರಿಗಳು ಬಂದಾಗ ಗುಡಿಯಲ್ಲಿ ಮತ್ತೆ ಎಲ್ಲ ಸರಿಯಾಗಿ ಮಾಡಿಸಿದ್ದರು. ಬದುಕದೆ ಹೋದವು ಹುವಾನನನ್ನು ಬಿಟ್ಟು ಹನ್ನೊಂದು. ಹನ್ನೊಂದಕ್ಕೂ ಒಲೆಯ ಮೇಲಿನ ನೀರೇ. ಹನ್ನೊಂದಕ್ಕೂ ರೊಮೆರೊ ಸೊಪ್ಪು. ಆ ಹೊತ್ತಿನಲ್ಲಿ ಹೆತ್ತವಳಿಗೆ ಪಾತ್ರೆ ನೋಡುವಷ್ಟು ಎಚ್ಚರ ಇರುವುದಿಲ್ಲ, ಗಂಡಸರು ಹೊರಗಿರುತ್ತಾರೆ, ಹಾಗಾಗಿ ಇದು ನನಗೊಬ್ಬಳಿಗೇ ಗೊತ್ತು. ನನ್ನ ದಾಮಿಯಾನಾಗೆ ಮಾತ್ರ ತಣ್ಣೀರು ಬಿದ್ದಿತ್ತು. ಅವಳು ಮೇಲಿನ ಬಾಗಿಲ ಒಳಗಿದ್ದಾಳೆ. ಕಲ್ಲಿನ ಮೇಲೆ ಕೂತುಬಿಟ್ಟೆ.

ಸಬೀನಾ ಮುಂದೆ ಬಂದು ನಿಕಾನೋರನ ಕೋಲು ಹಿಡಿದುಕೊಂಡಳು. "ಯಜಮಾನ್ರೇ, ಕಂದೆಲಾರಿಯಾಗೆ ಪಾದ್ರಿಗಳು ಬರ್ತಾರೆ. ಅವರನ್ನ ಕೇಳಿ. ಅಲ್ಲೀವರ್ಗೂ ಅವನನ್ನ ಮುಟ್ಬೇಡಿ," ಅಂದಳು. ಹನ್ನೊಂದು ದಿನವಿತ್ತು. ನಿಕಾನೋರ್ ಆಕಾಶ ನೋಡಿ, ಆಯಿತು ಅಂದ.

ಕಂದೆಲಾರಿಯಾ ಬಂತು, ಪಾದ್ರಿಗಳೂ ಬಂದರು. ನಮ್ಮೂರಿನ ಎತ್ತರ ಅವರಿಗೆ ಒಗ್ಗುವುದಿಲ್ಲ, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಾರೆ. ಪಾಪನಿವೇದನೆಗೆ ಎಲ್ಲರಿಗಿಂತ ಮೊದಲು ನಾನು ಹೋಗಿ ಮಂಡಿಯೂರಿದೆ. ಹುವಾನನ ಜೊತೆ ಆ ಹನ್ನೊಂದನ್ನೂ ಹೆಸರು ಹಿಡಿದು ಹೇಳಿದೆ.

"ಬಾಸಿಲಿಯಾ, ದೇವರ ಕೈಯನ್ನ ನೀರಿಗೆ ಕಟ್ಟಿಹಾಕಿಲ್ಲಮ್ಮ. ನಿಯಮ ನಮಗೆ. ಆತನಿಗಲ್ಲ. ಹನ್ನೆರಡು ಮಕ್ಕಳೂ ಆತನ ಹತ್ರಾನೇ ಇದಾವೆ."

"ಖಂಡಿತಾನಾ ಸ್ವಾಮಿ?"

"ಅದು ನನ್ನ ನಂಬಿಕೆ," ಅಂದರು. ಖಂಡಿತ ಅನ್ನಲಿಲ್ಲ. ಆಮೇಲೆ, "ಇಲ್ಲಿ ಕೇಳಿದ್ದನ್ನ ನಾನು ಹೊರಗೆ ಬಾಯಿ ಬಿಡೋ ಹಾಗಿಲ್ಲ. ನೀನು ಹೇಳ್ಬಹುದು. ಎಲ್ಲ ಮಕ್ಕಳಿಗೂ ಅದೇ ನೀರು ಅಂತ ಗೊತ್ತಾದ್ರೆ ಯಾರೂ ಗುದ್ದಲಿ ಎತ್ತಲ್ಲ. ಆ ಹುಡುಗಿ ಉಳ್ಕೊಳ್ತಾಳೆ," ಅಂದರು.

"ಆ ಹನ್ನೊಂದರ ಅಮ್ಮಂದಿರು ಏನ್ ಮಾಡ್ಬೇಕು?"

"ಅವರಿಗೂ ದೇವರ ಕರುಣೆ ಇದೆ."

"ನೀವು ಮಧ್ಯಾಹ್ನ ಟ್ರಕ್ಕು ಹತ್ತುತ್ತೀರ ಸ್ವಾಮಿ. ಮುಂದಿನ ಆಲಿಕಲ್ಲು ಬಿದ್ದಾಗ ಅವರ ಮುಂದೆ ನಿಲ್ಲೋಳು ನಾನು."

ಅವರು ಆಶೀರ್ವಾದ ಮಾಡಿ ಕಳಿಸಿದರು. ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಿತ್ತು ಎಂದೇ ಸಿಟ್ಟು ಬಂತು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರ ಮುಂದೆ ಪಾದ್ರಿಗಳು ಅದನ್ನೇ ಹೇಳಿದರು. ದೇವರು ಕರುಣಾಮಯಿ, ಸೂಲಗಿತ್ತಿಯ ಮನಸ್ಸು ಒಳ್ಳೆಯದಿತ್ತು, ಮಗು ದೇವರ ಬಳಿ ಇದೆ, ಅದನ್ನು ಅಗೆಯಬೇಡಿ. ನಿಕಾನೋರ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ.

"ನೀವ್ ಹೇಳಿದ್ ಮೇಲೆ ಸರಿ ಸ್ವಾಮಿ. ಮಗು ಒಳಗಿದ್ರೆ ಆಲಿಕಲ್ಲು ಕಳಿಸಿದ್ಯಾರು?"

"ಅದು ಹವಾಮಾನ, ನಿಕಾನೋರ್. ಮೋಡ, ಗಾಳಿ."

"ಮೋಡ ದೇವರದಲ್ವಾ?"

ಆಗ ಗ್ರೆಗೋರಿಯಾ ಎದ್ದಳು. ಬೈಯಲು ಎದ್ದವಳಲ್ಲ, ನಿಜವಾಗಿ ಕೇಳಲು ಎದ್ದಿದ್ದಳು. "ನೀರಿಲ್ದೆ ಇದ್ರೂ ದೇವರು ಒಳಗೆ ಕರ್ಕೊಳ್ಳೋದಾದ್ರೆ, ನಮ್ಮಪ್ಪ ನನ್ನ ತಮ್ಮನ್ನ ಹೊತ್ಕೊಂಡು ಎರಡು ದಿನ ನಡೆದು ನಗರಕ್ಕೆ ಯಾಕೆ ಹೋದ ಸ್ವಾಮಿ? ದಾರೀಲೇ ಸತ್ತ ಅವನು. ಆಗಿನ ಪಾದ್ರಿಗಳು ಗುಡಿ ಹತ್ರ ಹೂಳೋಕೂ ಬಿಡ್ಲಿಲ್ಲ. ಅವರು ಸುಳ್ಳು ಹೇಳಿದ್ರಾ, ನೀವು ಹೇಳ್ತಿದೀರಾ?"

ಕಾಲ ಬದಲಾಗಿದೆ, ಧರ್ಮಸಭೆ ಈಗ ಬೇರೆ ರೀತಿ ಯೋಚಿಸುತ್ತದೆ ಎಂದೆಲ್ಲ ಪಾದ್ರಿಗಳು ಹೇಳಿದರು. ಕಾಲ ಬದಲಾದರೆ ಬಾಗಿಲೂ ಬದಲಾಗುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಅದೇ ಇತ್ತು. ಚಾಲಕ ಹಾರ್ನ್ ಹೊಡೆಯತೊಡಗಿದ. ಹತ್ತುವ ಮುಂಚೆ ಪಾದ್ರಿಗಳು ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ನಾನು ಮುಖ ತಿರುಗಿಸಿದೆ.

ಟ್ರಕ್ಕಿನ ಧೂಳು ಅಡಗುವ ಮೊದಲೇ ನಿಕಾನೋರ್ ನನ್ನ ಕಡೆ ಬಂದ. "ಅಜ್ಜಿ, ಇನ್ನೊಂದ್ ಕೇಳ್ಬೇಕು. ಉಳಿದ ಮಕ್ಕಳಿಗೆ? ಅವಕ್ಕೂ ಅದೇ ನೀರಾ?"

ಕೇಳಬೇಕಾದ ಪ್ರಶ್ನೆಯೇ. ಹನ್ನೊಂದು ದಿನದಿಂದ ಅದು ಎಲ್ಲರ ಗಂಟಲಲ್ಲಿತ್ತು, ಯಾರಿಗೂ ಧೈರ್ಯವಿರಲಿಲ್ಲ. ಅಮ್ಮಂದಿರು ಒಂದೇ ಕಡೆ ಗುಂಪಾಗಿ ನಿಂತಿದ್ದರು. ಅಷ್ಟು ಮಾತಾಡುವ ಗ್ರೆಗೋರಿಯಾ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಸಬೀನಾ ಬೇರೆಯಾಗಿ, ಗೋಡೆಯ ಹತ್ತಿರ, ಆ ಪುಟ್ಟ ದಿಬ್ಬದ ಪಕ್ಕ ನಿಂತಿದ್ದಳು.

ಎಲ್ಲ ಮಕ್ಕಳಿಗೂ ಅದೇ ನೀರು ಎಂದು ಹೇಳಿದ್ದರೆ ಸಾಕಾಗಿತ್ತು. ಹನ್ನೆರಡನ್ನೂ ಅಗೆಯುವ ಎದೆ ಯಾರಿಗೂ ಇರುತ್ತಿರಲಿಲ್ಲ, ಪಾದ್ರಿಗಳ ಲೆಕ್ಕ ಅದು. ಅಥವಾ ಹನ್ನೆರಡನ್ನೂ ಅಗೆಯುತ್ತಿದ್ದರು, ನನ್ನ ಭಯ ಅದು. ಅಗೆಯದಿದ್ದರೂ ಆ ಅಮ್ಮಂದಿರು ಇನ್ನು ಸಾಯುವವರೆಗೆ ಪ್ರತಿ ಆಲಿಕಲ್ಲಿನಲ್ಲೂ ತಮ್ಮ ಕೂಸಿನ ಅಳು ಕೇಳಬೇಕಾಗಿತ್ತು. ಒಬ್ಬಳ ಕಣ್ಣೀರು, ಅಷ್ಟೂ ಜನರ ಕಣ್ಣೀರು ಎಂದು ತೂಗಿದೆ. ತೂಗುವುದು ದೇವರ ಕೆಲಸ, ನನ್ನದಲ್ಲ ಎಂದು ಗೊತ್ತಿದ್ದೂ ತೂಗಿದೆ.

"ಇಲ್ಲ," ಎಂದೆ. "ಉಳಿದವಕ್ಕೆಲ್ಲ ಬರೀ ನೀರೇ. ಅವತ್ತು ಮಡಕೆ ಹೆಪ್ಪುಗಟ್ಟಿತ್ತು, ಅದಕ್ಕೆ ಹಾಗಾಯ್ತು."

"ಶಿಲುಬೆ ಮುಟ್ಟಿ ಹೇಳು."

ಗುಡಿಯ ಬಾಗಿಲ ಶಿಲುಬೆಯನ್ನು ಮುಟ್ಟಿ ಹೇಳಿದೆ. ಅಮ್ಮಂದಿರು ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ತೆಲೆಸ್ಫೋರೊ ಪುಸ್ತಕ ಚೀಲಕ್ಕೆ ಹಾಕಿಕೊಂಡ. ಸಬೀನಾ ನನ್ನನ್ನು ನೋಡಿದಳು, ಆಮೇಲೆ ಗ್ರೆಗೋರಿಯಾಳನ್ನು ನೋಡಿ ನೆಲದ ಮೇಲೆ ಕೂತಳು.

ಸಂಜೆಗೆ ಮುಂಚೆಯೇ ಅಗೆದು ಮುಗಿಸಿದರು. ನಮ್ಮ ಮಣ್ಣು ತಣ್ಣಗಿರುತ್ತದೆ, ಅದು ಏನನ್ನೂ ಬೇಗ ತಿನ್ನುವುದಿಲ್ಲ. ಕಾಗದದ ರೆಕ್ಕೆಗಳು ಇನ್ನೂ ಹಾಗೇ ಇದ್ದವು. ತೆಲೆಸ್ಫೋರೊ ಅವನ್ನು ಬಿಡಿಸಿ ತೆಗೆದ, ಯಾಕೆಂದರೆ ಅವು ಆ ಮಗುವಿಗೆ ಸಲ್ಲುವುದಿಲ್ಲ. ಇಲಾರಿಯೋನ್ ಪೆಟ್ಟಿಗೆ ಹೊತ್ತ. ಗುಡ್ಡದ ನೆತ್ತಿಗೆ ಎರಡು ಗಂಟೆಯ ದಾರಿ. ಗಂಡಸರು ಕಲ್ಲುಗಳ ನಡುವೆ ಗುಂಡಿ ತೋಡಿ, ಮುಚ್ಚಿ, ಗುಡ್ಡಕ್ಕೆ ಕಾಣಿಕೆಯಾಗಿ ಕೋಕಾ ಎಲೆ ಉದುರಿಸಿ, ಹಿಂತಿರುಗಿ ನೋಡದೆ ಇಳಿದರು. ಇಲಾರಿಯೋನನೂ ಅವರ ಜೊತೆ ಇಳಿದ. ಅಲ್ಲಿ ಉಳಿದದ್ದು ನಾನು ಮತ್ತು ಸಬೀನಾ.

"ನಡಿಯಮ್ಮ, ಗಾಳಿ ಜಾಸ್ತಿಯಾಗ್ತಿದೆ," ಎಂದೆ.

"ಗ್ರೆಗೋರಿಯಾಗೆ ಎರಡನೇದು ಹುಟ್ಟಿದಾಗ ನಾನೇ ಅಲ್ವಾ ಅಜ್ಜಿ ನಿನಗೆ ಪಾತ್ರೆ ತಂದ್ಕೊಟ್ಟಿದ್ದು," ಅಂದಳು ಅವಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಪಕ್ಕದ ಮನೆ ಅಂತ ಕರೆದಿದ್ರು. ಹಿತ್ತಲಿಂದ ಸೊಪ್ಪು ಕಿತ್ಕೊಂಡು ಬಂದಿದ್ದೂ ನಾನೇ. ನೀನು ಅದ್ರಲ್ಲೇ ಕೈ ಅದ್ದಿದ್ದನ್ನ ನೋಡ್ದೆ."

ಆ ದಿನ ಬಾಗಿಲ ಬಳಿ ನಿಂತಿದ್ದ ಹೊಸ ಮದುವಣಗಿತ್ತಿ ನನ್ನ ನೆನಪಿನಿಂದಲೇ ಹೋಗಿದ್ದಳು.

"ಮತ್ತೆ ಅಂಗಳದಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾರು ನಂಬ್ತಿದ್ರು? ಮಗನ್ನ ಉಳಿಸ್ಕೊಳ್ಳೋಕೆ ಬಾಯಿಗೆ ಬಂದಿದ್ದು ಹೇಳ್ತಾಳೆ ಕಣಿವೆಯವಳು ಅಂತಿದ್ರು. ನಂಬಿದ್ರೂ ಏನಾಗ್ತಿತ್ತು, ಗ್ರೆಗೋರಿಯಾನೂ ಇಲ್ಲಿಗೆ ಬಂದು ಕೂತಿರ್ತಿದ್ಲು." ಅವಳು ಒಂದು ಕಲ್ಲನ್ನು ಎತ್ತಿ ಗುಂಡಿಯ ಮೇಲೆ ಸರಿಯಾಗಿ ಇಟ್ಟಳು. "ನೀನ್ ಹೇಳಿದ್ರೆ ನಂಬ್ತಿದ್ರು."

"ಸಬೀನಾ..."

"ಒಂದೇ ಒಂದ್ ಹೇಳು. ದೇವರು ಅವರ ಮಕ್ಕಳನ್ನ ಒಳಗೆ ಬಿಟ್ಕೊಂಡಿದ್ರೆ ಇವನನ್ನೂ ಬಿಟ್ಕೊಂಡಿರ್ತಾನೆ, ಅಲ್ವಾ? ನೀರು ಒಂದೇ ಅಲ್ವಾ?"

ಹೂಂ ಅನ್ನಬೇಕು ಅನ್ನಿಸಿತು. ಪಾದ್ರಿಗಳು ಹೇಳಿದ್ದನ್ನು ಹೇಳಬೇಕು ಅನ್ನಿಸಿತು. ಆದರೆ ಅದೇ ಬಾಯಿಂದ ಆಗಷ್ಟೇ ಶಿಲುಬೆ ಮುಟ್ಟಿ ಸುಳ್ಳಾಡಿದ್ದೆ. ಹನ್ನೊಂದೂ ಹೊರಗೇ ನಿಂತಿರಬಹುದು ಎಂಬ ಭಯವೂ ನನಗಿತ್ತು. ಸುಮ್ಮನಿದ್ದೆ. ಅವಳು ನನ್ನ ಮುಖವನ್ನು ನೋಡಿದಳು. ಓದಲು ಬಾರದವಳಾದರೂ ಅಲ್ಲಿದ್ದದ್ದು ಅವಳಿಗೆ ತಿಳಿಯಿತು.

"ನೀನ್ ಇಳಿ ಅಜ್ಜಿ," ಅಂದಳು. "ನಾನು ಇವನ ಜೊತೆ ಸ್ವಲ್ಪ ಕೂತಿದ್ದು ಬರ್ತೀನಿ."

ಅವಳು ಊರಿಗೆ ಬರಲಿಲ್ಲ. ಗುಡ್ಡದ ಆ ಕಡೆಯಿಂದ ಇಳಿದು ತನ್ನ ಕಣಿವೆಗೆ ಹೋದಳು ಎಂದು ವಾರದ ಮೇಲೆ ಸಂತೆಯವರು ಹೇಳಿದರು. ಇಲಾರಿಯೋನ್ ಹೂಂ ಅಂದ.

ನಾನು ಅವತ್ತು ಇಳಿದು ಬಂದಾಗ ಊರ ಬಾಗಿಲಲ್ಲಿ ಗ್ರೆಗೋರಿಯಾ ಕಾಯುತ್ತಿದ್ದಳು. ಬಾರ್ಲಿ ಗಂಜಿಯ ಮಡಕೆಯನ್ನು ಬಟ್ಟೆಯಲ್ಲಿ ಸುತ್ತಿ, ಆರದ ಹಾಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದಳು. ಮನೆಯಲ್ಲಿ ಅದಕ್ಕಿಂತ ಹೆಚ್ಚು ಅವರಿಗೂ ಇರಲಿಲ್ಲ. ಅಲ್ಲೇ ಗೋಡೆಯ ಮರೆಯಲ್ಲಿ ನನ್ನನ್ನು ಕೂರಿಸಿ ಕುಡಿಸಿದಳು.

"ಹನ್ನೊಂದ್ ದಿನ ನಿದ್ದೆ ಇಲ್ಲಜ್ಜಿ," ಅಂದಳು. "ಇನ್ನೊಂದ್ ಸಲ ಹೇಳ್ಬಿಡು. ನನ್ನವೆರಡಕ್ಕೂ ಬರೀ ನೀರೇ ಅಲ್ವಾ?"

"ಬರೀ ನೀರೇ," ಎಂದೆ.

ಅವಳು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು, ಹಣೆಗೆ ಒತ್ತಿಕೊಂಡು ಅತ್ತಳು. ಆ ತಿಂಗಳ ಕೊನೆಯಲ್ಲಿ ಮತ್ತೆ ಆಲಿಕಲ್ಲು ಬಿತ್ತು. ಅದು ನಿಲ್ಲುವ ಮೊದಲೇ ಗ್ರೆಗೋರಿಯಾ ತಲೆಯ ಮೇಲೆ ಶಾಲು ಹೊದ್ದು, ಓಡಿಕೊಂಡು ನನ್ನ ಬಾಗಿಲಿಗೆ ಬಂದಳು. ಅವಳು ಕೇಳುವ ಮೊದಲೇ ನಾನು ಹೇಳಿದೆ, "ಬರೀ ನೀರೇ."